ರವಿ ಮಂಜಿತ್ತಾಯ

ರವಿ ಮಂಜಿತ್ತಾಯ ಅವರು ಜೀವಕೋಶ ವಿಜ್ಞಾನದ ಕ್ಷೇತ್ರದಲ್ಲಿ ಹೆಸರು ಮಾಡಿರುವ ಭಾರತೀಯ ಸಂಶೋಧಕರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರು ಸ್ವಭಕ್ಷಣೆಯ ಅಧ್ಯಯನಕ್ಕೆ ಮೀಸಲಾದ ಪ್ರಯೋಗಾಲಯವನ್ನು ಕಟ್ಟಿದ್ದಾರೆ. ಆಟೋಫೇಜಿ ಎಂದು ವೈಜ್ಞಾನಿಕ ಜಗತ್ತಿನಲ್ಲಿ ಕರೆಯಲ್ಪಡುವ ಸ್ವಭಕ್ಷಣೆಯು ಜೀವಕೋಶವು ತನ್ನದೇ ಭಾಗಗಳನ್ನು ಒಡೆದು ಮರುಬಳಕೆ ಮಾಡಿಕೊಳ್ಳುವ ಕ್ರಿಯೆ. ಈ ಕ್ರಿಯೆಗೆ ಬೇಕಾದ ಪೊರೆಯು ಕೋಶದೊಳಗೆ ಎಲ್ಲಿಂದ, ಯಾವ ವಾಹಕಗಳ ನೆರವಿನಿಂದ ಬರುತ್ತದೆ ಎಂಬುದು ಮಂಜಿತ್ತಾಯ ಅವರ ಸಂಶೋಧನೆಯ ಒಂದು ಮುಖ. ಅದೇ ಕ್ರಿಯೆಯನ್ನು ಚುರುಕುಗೊಳಿಸಿ ನರಗಳ ಕಾಯಿಲೆಗಳನ್ನೂ ಸೋಂಕುಗಳನ್ನೂ ತಡೆಯಬಲ್ಲ ಸಣ್ಣ ಅಣುಗಳ ಹುಡುಕಾಟ ಇನ್ನೊಂದು ಮುಖ. ಈ ಎರಡು ಬಗೆಯ ಕೆಲಸಗಳಿಗೂ ಅವರು ಹೆಚ್ಚಾಗಿ ನೆಚ್ಚಿಕೊಂಡಿರುವ ಜೀವಿ ಯೀಸ್ಟ್.

ಶಿಕ್ಷಣ ಮತ್ತು ವೃತ್ತಿ

ಮಂಜಿತ್ತಾಯ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಸಂಶೋಧನೆ ನಡೆಸಿದರು. ಆ ದಿನಗಳ ಅವರ ವಿಷಯಕ್ಕೂ ಸ್ವಭಕ್ಷಣೆಗೂ ನೇರ ಸಂಬಂಧವಿರಲಿಲ್ಲ. ಅಂಡಾಶಯದ ಕೋಶಗಳನ್ನು ಪ್ರಚೋದಿಸುವ ಹಾರ್ಮೋನಿನ ಜೀನು ಹೇಗೆ ನಿಯಂತ್ರಣಕ್ಕೆ ಒಳಗಾಗುತ್ತದೆ ಎಂಬುದನ್ನು ಅವರು ಅಭ್ಯಾಸ ಮಾಡಿದ್ದರು. ಆನಂತರ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ವಿಭಾಗಕ್ಕೆ ತೆರಳಿ, ಭಾರತೀಯ ಮೂಲದ ಜೀವವಿಜ್ಞಾನಿ ಸುರೇಶ್ ಸುಬ್ರಮಣಿ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಸ್ವಭಕ್ಷಣೆಯ ಕಡೆಗೆ ಅವರು ತಿರುಗಿದ್ದು ಇಲ್ಲಿ. ಭಾರತಕ್ಕೆ ಮರಳಿದ ಮೇಲೆ ಜಕ್ಕೂರಿನ ಕೇಂದ್ರವನ್ನು ಸೇರಿದರು. 1989ರಲ್ಲಿ, ನೆಹರೂ ಜನ್ಮಶತಾಬ್ದಿಯ ವರ್ಷದಲ್ಲಿ, ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಆರಂಭಿಸಿದ ಈ ಕೇಂದ್ರದ ಸ್ಥಾಪಕ ಅಧ್ಯಕ್ಷರು ರಸಾಯನವಿಜ್ಞಾನಿ ಸಿ. ಎನ್. ಆರ್. ರಾವ್.

ಸ್ವಭಕ್ಷಣೆ ಎಂದರೇನು

ಹಳೆಯ ಮನೆಯನ್ನು ಬಿಚ್ಚುವಾಗ ನಮ್ಮ ಹಳ್ಳಿಗಳಲ್ಲಿ ಏನನ್ನೂ ಬಿಸಾಡುವುದಿಲ್ಲ. ತೊಲೆ, ಕಂಬ, ಬಾಗಿಲುವಾಡ, ಹೆಂಚು ಎಲ್ಲವನ್ನೂ ಬೇರ್ಪಡಿಸಿ ಹೊಸ ಮನೆಗೆ ಬಳಸುತ್ತಾರೆ. ಜೀವಕೋಶವೂ ಇದನ್ನೇ ಮಾಡುತ್ತದೆ. ಹಳತಾದ ಪ್ರೋಟೀನುಗಳು, ಕೆಟ್ಟುಹೋದ ಮೈಟೋಕಾಂಡ್ರಿಯಾಗಳು, ಅವಶ್ಯಕತೆ ಮುಗಿದ ಇತರ ಕಣದಂಗಗಳು ಇವುಗಳನ್ನು ಕೋಶವು ಒಡೆದು ಅಮೈನೋ ಆಮ್ಲ, ಕೊಬ್ಬಿನಾಮ್ಲ ಮೊದಲಾದ ಮೂಲದ್ರವ್ಯಗಳನ್ನಾಗಿ ಮಾಡಿಕೊಳ್ಳುತ್ತದೆ. ಆಹಾರ ಸಿಗದ ಹೊತ್ತಿನಲ್ಲಿ ಈ ದ್ರವ್ಯಗಳೇ ಕೋಶವನ್ನು ಬದುಕಿಸುತ್ತವೆ.

ಆದರೆ ಒಡೆಯುವ ಕಿಣ್ವಗಳು ಕೋಶದ ತುಂಬ ಓಡಾಡಿಕೊಂಡಿದ್ದರೆ ಕೋಶವೇ ಕರಗಿಹೋಗುತ್ತದೆ. ಆದ್ದರಿಂದ ಅವುಗಳನ್ನು ಪ್ರಾಣಿಕೋಶಗಳು ಲೈಸೋಸೋಮ್ ಎಂಬ ಪುಟ್ಟ ಚೀಲಗಳಲ್ಲಿಯೂ, ಯೀಸ್ಟ್ ಮತ್ತು ಸಸ್ಯಗಳ ಕೋಶಗಳು ದೊಡ್ಡ ರಸದಾನಿಯಲ್ಲಿಯೂ ಕೂಡಿಹಾಕಿವೆ. ಕಿಣ್ವಗಳು ಕಸದ ಬಳಿಗೆ ಹೋಗುವಂತಿಲ್ಲ, ಕಸವೇ ಅವುಗಳ ಬಳಿಗೆ ಬರಬೇಕು. ಹೀಗಾಗಿ ಸ್ವಭಕ್ಷಣೆಯು ಹೆಸರಿಗೆ ಭಕ್ಷಣೆಯಾದರೂ ಅದರ ಬಹುಪಾಲು ಕೆಲಸ ಸಾಗಣೆಯೇ ಆಗಿದೆ.

ಸಾಗಣೆ ನಡೆಯುವ ಬಗೆ ಹೀಗಿದೆ. ಕೋಶದ್ರವ್ಯದಲ್ಲಿ ಒಂದೆಡೆ ಎರಡು ಪದರಗಳ ಸಣ್ಣ ಪೊರೆಯೊಂದು ಮೂಡುತ್ತದೆ. ಅದು ಬೆಳೆಯುತ್ತ ಅಂಚು ಬಾಗಿ ದೊನ್ನೆಯ ಆಕಾರ ತಾಳುತ್ತದೆ. ದೊನ್ನೆಯ ಬಾಯಿ ಕಿರಿದಾಗುತ್ತ ಬಂದು ಕೊನೆಗೆ ಮುಚ್ಚಿಕೊಳ್ಳುತ್ತದೆ. ಒಳಗೆ ಸಿಕ್ಕಿದ ಸರಕಿನ ಸಮೇತ ಎರಡು ಪದರಗಳ ಗೋಳಾಕಾರದ ಚೀಲ ಸಿದ್ಧವಾಗುತ್ತದೆ. ಇದಕ್ಕೆ ಆಟೋಫೇಗೋಸೋಮ್ ಎಂದು ಹೆಸರು. ಯೀಸ್ಟಿನಲ್ಲಿ ಇದರ ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಈ ಚೀಲವು ಲೈಸೋಸೋಮ್ ಅಥವಾ ರಸದಾನಿಯನ್ನು ಮುಟ್ಟಿದಾಗ ಹೊರ ಪದರವು ಅದರ ಪೊರೆಯೊಂದಿಗೆ ಬೆಸೆದುಕೊಳ್ಳುತ್ತದೆ. ಒಳ ಪದರವೂ ಸರಕೂ ಒಳಗೆ ಬಿದ್ದು ಜೀರ್ಣವಾಗುತ್ತವೆ.

ಇಲ್ಲಿ ಕುತೂಹಲದ ಸಂಗತಿ ಒಂದಿದೆ. ಕೋಶದ ಬೇರೆ ಸಾಗಣೆ ಚೀಲಗಳು ಇರುವ ಪೊರೆಯಿಂದಲೇ ಮೊಗ್ಗಿನಂತೆ ಚಿಗುರಿ ಕಳಚಿಕೊಳ್ಳುತ್ತವೆ. ಆಟೋಫೇಗೋಸೋಮ್ ಹಾಗಲ್ಲ, ಅದನ್ನು ಬೇಕಾದಾಗ ಬೇಕಾದ ಜಾಗದಲ್ಲಿ ಹೊಸದಾಗಿ ಕಟ್ಟಲಾಗುತ್ತದೆ. ಕಟ್ಟಲು ಬೇಕಾದ ಪೊರೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಈ ಕ್ಷೇತ್ರದ ಸಂಶೋಧಕರನ್ನು ಹಲವು ದಶಕ ಕಾಡಿದೆ.

ಹಿಂದಿನ ಸಂಶೋಧನೆಗಳು

ಲೈಸೋಸೋಮನ್ನು 1955ರಲ್ಲಿ ಗುರುತಿಸಿದವರು ಬೆಲ್ಜಿಯಂನ ವಿಜ್ಞಾನಿ ಕ್ರಿಶ್ಚಿಯನ್ ಡಿ ಡೂವ್. ಆಟೋಫೇಜಿ ಎಂಬ ಪದವನ್ನು 1963ರಲ್ಲಿ ಬಳಕೆಗೆ ತಂದವರೂ ಅವರೇ. ಗ್ರೀಕ್ ಭಾಷೆಯಲ್ಲಿ ‘ಆಟೋ’ ಎಂದರೆ ತಾನು, ‘ಫೇಜಿನ್’ ಎಂದರೆ ತಿನ್ನುವುದು. ಡಿ ಡೂವ್ ಅವರಿಗೆ 1974ರಲ್ಲಿ ಆಲ್ಬರ್ಟ್ ಕ್ಲಾಡ್ ಮತ್ತು ಜಾರ್ಜ್ ಪಲಾಡೆ ಅವರೊಂದಿಗೆ ನೊಬೆಲ್ ಪ್ರಶಸ್ತಿ ಸಂದಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಚೀಲಗಳು ಕಾಣುತ್ತಿದ್ದರೂ, ಅವುಗಳನ್ನು ನಡೆಸುವ ಜೀನುಗಳು ಯಾವುವು ಎಂಬುದು ಮುಂದಿನ ಮೂವತ್ತು ವರ್ಷ ತಿಳಿಯಲಿಲ್ಲ.

ಬಾಗಿಲು ತೆರೆದದ್ದು ಜಪಾನಿನ ಯೋಶಿನೋರಿ ಒಸುಮಿ. 1988ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ಆರಂಭಿಸಿದ ಅವರು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಸಾಮಾನ್ಯ ಯೀಸ್ಟನ್ನು ಆರಿಸಿಕೊಂಡರು. ರಸದಾನಿಗೆ ಬಿದ್ದದ್ದು ಕೂಡಲೇ ಜೀರ್ಣವಾಗಿಬಿಟ್ಟರೆ ನೋಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ಜೀರ್ಣಕಾರಿ ಕಿಣ್ವಗಳಿಲ್ಲದ ಯೀಸ್ಟ್ ತಳಿಗಳನ್ನು ತೆಗೆದುಕೊಂಡು, ಅವುಗಳಿಗೆ ಸಾರಜನಕದ ಪೋಷಣೆ ನಿಲ್ಲಿಸಿದರು. ಕೆಲವೇ ಗಂಟೆಗಳಲ್ಲಿ ಅವುಗಳ ರಸದಾನಿಯ ತುಂಬ ಜೀರ್ಣವಾಗದ ಚೀಲಗಳು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ಕಾಣಿಸಿಕೊಂಡವು. ಅಷ್ಟು ಸರಳವಾದ ಉಪಾಯ ಅದು. ಈ ಗುರುತನ್ನು ಹಿಡಿದು, ಚೀಲಗಳು ತುಂಬದ ಉತ್ಪರಿವರ್ತಿತ ತಳಿಗಳನ್ನು ಹೆಕ್ಕಿ, ಮಿಕಿ ಸುಕಾಡಾ ಅವರೊಂದಿಗೆ 1993ರಲ್ಲಿ ಸ್ವಭಕ್ಷಣೆಗೆ ಅಗತ್ಯವಾದ 15 ಜೀನುಗಳ ಪಟ್ಟಿ ಪ್ರಕಟಿಸಿದರು. ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಹೆಸರಿಟ್ಟಿದ್ದ ಈ ಜೀನುಗಳಿಗೆ 2003ರಲ್ಲಿ ‘ಎಟಿಜಿ’ ಎಂಬ ಸಮಾನ ಹೆಸರು ನಿಗದಿಯಾಯಿತು. ಯೀಸ್ಟಿನಲ್ಲಿ ಈಗ ಇಂತಹ 40ಕ್ಕೂ ಹೆಚ್ಚು ಜೀನುಗಳು ಗೊತ್ತಿವೆ. ಅವುಗಳಲ್ಲಿ ಮುಖ್ಯವಾದವುಗಳ ಹತ್ತಿರದ ಸಂಬಂಧಿಗಳು ಮನುಷ್ಯನಲ್ಲಿಯೂ ಇವೆ. 2016ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಒಸುಮಿ ಅವರೊಬ್ಬರಿಗೇ ನೀಡಲಾಯಿತು.

ಮನುಷ್ಯರ ಆರೋಗ್ಯಕ್ಕೂ ಇದಕ್ಕೂ ಇರುವ ನಂಟನ್ನು ಜಪಾನಿನಲ್ಲಿಯೇ ಇಲಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿದವು. ಎಟಿಜಿ5 ಜೀನಿಲ್ಲದೆ ಹುಟ್ಟಿದ ಇಲಿಮರಿಗಳು ಒಂದು ದಿನದೊಳಗೆ ಸಾಯುತ್ತವೆ ಎಂದು 2004ರಲ್ಲಿ ವರದಿಯಾಯಿತು. ಹೊಕ್ಕುಳಬಳ್ಳಿಯ ಪೋಷಣೆ ನಿಂತು ತಾಯಿಯ ಹಾಲು ದಕ್ಕುವ ನಡುವಿನ ಹಸಿವನ್ನು ಸಹಜ ಮರಿಗಳು ಸ್ವಭಕ್ಷಣೆಯ ಬಲದಿಂದ ದಾಟುತ್ತವೆ. 2006ರಲ್ಲಿ ನರಕೋಶಗಳಲ್ಲಿ ಮಾತ್ರ ಸ್ವಭಕ್ಷಣೆಯನ್ನು ನಿಲ್ಲಿಸಿದಾಗ, ಬೇರಾವ ದೋಷವಿಲ್ಲದಿದ್ದರೂ ಇಲಿಗಳ ನರಕೋಶಗಳಲ್ಲಿ ಪ್ರೋಟೀನಿನ ಗಂಟುಗಳು ಶೇಖರವಾಗಿ ಕೋಶಗಳು ನಶಿಸಿದವು. ನರಕೋಶಗಳು ಸಾಮಾನ್ಯವಾಗಿ ಮತ್ತೆ ವಿಭಜನೆಯಾಗುವುದಿಲ್ಲ. ಬೇರೆ ಕೋಶಗಳು ಇಬ್ಭಾಗವಾಗುವಾಗ ಕಸವೂ ಹಂಚಿಹೋಗುತ್ತದೆ, ಇವುಗಳಿಗೆ ಆ ಅನುಕೂಲವಿಲ್ಲ. ಒಂದು ಜೀವಮಾನದ ಕಸವನ್ನು ಅವು ತಾವೇ ಗುಡಿಸಿಕೊಳ್ಳಬೇಕು.

ಸ್ಯಾನ್ ಡಿಯಾಗೋದಲ್ಲಿ ನಡೆದ ಸಂಶೋಧನೆ

ಸುಬ್ರಮಣಿ ಅವರ ಪ್ರಯೋಗಾಲಯ ಹೆಸರುವಾಸಿಯಾದದ್ದು ಪೆರಾಕ್ಸಿಸೋಮ್ ಎಂಬ ಕಣದಂಗದ ಅಧ್ಯಯನದಿಂದ. ಕೊಬ್ಬಿನಾಮ್ಲಗಳನ್ನು ಒಡೆಯುವ ಈ ಕಣದಂಗಕ್ಕೆ ತನ್ನದೇ ಜೀನುಗಳಿಲ್ಲ. ಅದಕ್ಕೆ ಬೇಕಾದ ಪ್ರೋಟೀನುಗಳು ಹೊರಗೆ ತಯಾರಾಗಿ ಒಳಗೆ ಬರಬೇಕು. ಮಿಂಚುಹುಳುವಿನ ಬೆಳಕಿಗೆ ಕಾರಣವಾದ ಲೂಸಿಫೆರೇಸ್ ಕಿಣ್ವವೂ ಪೆರಾಕ್ಸಿಸೋಮಿಗೆ ಹೋಗಿ ಸೇರುತ್ತದೆ. ಅದರ ಬಾಲದ ತುದಿಯಲ್ಲಿರುವ ಮೂರೇ ಮೂರು ಅಮೈನೋ ಆಮ್ಲಗಳು, ಅಂದರೆ ಸೆರಿನ್, ಲೈಸಿನ್ ಮತ್ತು ಲ್ಯೂಸಿನ್, ವಿಳಾಸದ ಚೀಟಿಯಂತೆ ಕೆಲಸ ಮಾಡುತ್ತವೆ ಎಂಬುದನ್ನು ಈ ಪ್ರಯೋಗಾಲಯವು 1980ರ ದಶಕದ ಕೊನೆಯಲ್ಲಿ ಕಂಡುಹಿಡಿದಿತ್ತು.

ಪೆರಾಕ್ಸಿಸೋಮಿನ ಹುಟ್ಟನ್ನು ಅರಿತವರಿಗೆ ಅದರ ಸಾವಿನ ಬಗ್ಗೆಯೂ ಪ್ರಶ್ನೆ ಮೂಡುವುದು ಸಹಜ. ಪಿಚಿಯಾ ಪ್ಯಾಸ್ಟೋರಿಸ್ ಎಂಬ ಯೀಸ್ಟಿಗೆ ಮೆಥನಾಲನ್ನು ಆಹಾರವಾಗಿ ಕೊಟ್ಟರೆ ಅದರೊಳಗೆ ಪೆರಾಕ್ಸಿಸೋಮುಗಳು ದಪ್ಪವಾಗಿ ಬೆಳೆಯುತ್ತವೆ. ಅದೇ ಯೀಸ್ಟನ್ನು ಗ್ಲೂಕೋಸಿಗೆ ವರ್ಗಾಯಿಸಿದರೆ ಅವು ಬೇಡವಾಗುತ್ತವೆ. ಆಗ ಕೋಶವು ಬೇರೆ ಕಣದಂಗಗಳನ್ನು ಮುಟ್ಟದೆ ಪೆರಾಕ್ಸಿಸೋಮುಗಳನ್ನಷ್ಟೇ ಆರಿಸಿ ಜೀರ್ಣಿಸುತ್ತದೆ. ಆರಿಸಿ ತಿನ್ನುವ ಈ ಬಗೆಗೆ ಪೆಕ್ಸೋಫೇಜಿ ಎಂದು ಹೆಸರು. ಕೋಶದ ಹೊರಮೈಯ ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ಕಿಣ್ವಗಳ ಸರಪಳಿಯೊಂದು, ಅದರಲ್ಲಿಯೂ ಎಸ್‌ಎಲ್‌ಟಿ2 ಎಂಬ ಕಿಣ್ವ, ಪೆಕ್ಸೋಫೇಜಿಗೆ ಅಗತ್ಯವೆಂದೂ, ಸ್ವಭಕ್ಷಣೆಯ ಇತರ ಬಗೆಗಳಿಗೆ ಅದು ಬೇಕಿಲ್ಲವೆಂದೂ ಮಂಜಿತ್ತಾಯ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು.

ಅದೇ ವರ್ಷ ‘ಜರ್ನಲ್ ಆಫ್ ಸೆಲ್ ಬಯಾಲಜಿ’ಯಲ್ಲಿ ಪ್ರಕಟವಾದ ಅವರ ಇನ್ನೊಂದು ಲೇಖನ ಹೆಚ್ಚು ಚರ್ಚೆಗೆ ಒಳಗಾಯಿತು. ಅದರ ಮಹತ್ವ ತಿಳಿಯಲು ಕೋಶದ ಸಾಮಾನ್ಯ ರಫ್ತಿನ ದಾರಿಯನ್ನು ಅರಿಯಬೇಕು. ಹೊರಗೆ ಹೋಗಬೇಕಾದ ಪ್ರೋಟೀನು ತನ್ನ ತಲೆಯ ಭಾಗದಲ್ಲಿ ಒಂದು ಸಂಕೇತವನ್ನು ಹೊತ್ತಿರುತ್ತದೆ. ಆ ಸಂಕೇತದ ಬಲದಿಂದ ಅದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಜಾಲದೊಳಗೆ ಹೊಕ್ಕು, ಗಾಲ್ಗಿ ಸಂಕೀರ್ಣವನ್ನು ಹಾದು, ಕಿರುಚೀಲಗಳಲ್ಲಿ ಕೋಶಪೊರೆಯನ್ನು ತಲುಪಿ ಹೊರಬೀಳುತ್ತದೆ. ಆದರೆ ಯಾವ ಸಂಕೇತವೂ ಇಲ್ಲದ ಕೆಲವು ಪ್ರೋಟೀನುಗಳು ಕೂಡ ಹೊರಗೆ ಕಾಣಿಸಿಕೊಳ್ಳುತ್ತವೆ. ಉರಿಯೂತವನ್ನು ಉಂಟುಮಾಡುವ ಇಂಟರ್‌ಲ್ಯೂಕಿನ್-1 ಬೀಟಾ ಇವುಗಳಲ್ಲೊಂದು. ಅವು ಯಾವ ಬಾಗಿಲಿನಿಂದ ಹೊರಬಂದವು?

ಎಸಿಬಿ1 ಎಂಬ ಪ್ರೋಟೀನು ಅಂತಹದೇ ಒಂದು. ಅದರ ತುಣುಕು ಹೊರಬಂದಿದೆಯೇ ಎಂದು ತಿಳಿಯಲು ಸಂಶೋಧಕರು ಡಿಕ್ಟಿಯೋಸ್ಟೀಲಿಯಂ ಎಂಬ ಮಣ್ಣಿನ ಅಮೀಬಾವನ್ನು ಬಳಸಿದರು. ಆ ತುಣುಕು ಸಿಕ್ಕಿದೊಡನೆ ಈ ಅಮೀಬಾ ಬೀಜಕವಾಗಿ ಮಾರ್ಪಡುತ್ತದೆ, ಬೀಜಕಗಳನ್ನು ಎಣಿಸಿದರೆ ಲೆಕ್ಕ ಸಿಕ್ಕಂತಾಯಿತು. ಅಮೀಬಾದ ತಜ್ಞರಾದ ಕ್ರಿಸ್ಟೋಫ್ ಅಂಜಾರ್ಡ್ ಮತ್ತು ವಿಲಿಯಂ ಲೂಮಿಸ್ ಈ ಕೆಲಸದಲ್ಲಿ ಜೊತೆಗಿದ್ದರು. ಹಸಿದ ಯೀಸ್ಟ್ ಎಸಿಬಿ1ನ್ನು ಹೊರಹಾಕುತ್ತದೆ. ಆದರೆ ಆಟೋಫೇಗೋಸೋಮ್ ಕಟ್ಟುವ ಜೀನುಗಳನ್ನು ತೆಗೆದರೆ ಹೊರಹಾಕುವುದು ನಿಲ್ಲುತ್ತದೆ ಎಂಬುದು ಅವರು ಕಂಡ ಫಲಿತಾಂಶ. ಗ್ರಾಸ್ಪ್ ಎಂಬ ಪ್ರೋಟೀನೂ ಪೆರಾಕ್ಸಿಸೋಮಿನ ಕೆಲಸವೂ ಇದಕ್ಕೆ ಬೇಕಾಗಿದ್ದವು. ರಸದಾನಿಯೊಂದಿಗೆ ಬೆಸೆಯುವ ಕೊನೆಯ ಹಂತ ಮಾತ್ರ ಬೇಕಿರಲಿಲ್ಲ. ಅಂದರೆ ನಾಶಕ್ಕೆಂದೇ ಹೆಸರಾದ ಚೀಲವು ಕೆಲವು ಸಂದರ್ಭಗಳಲ್ಲಿ ದಿಕ್ಕು ಬದಲಿಸಿ, ಸರಕನ್ನು ಒಡೆಯದೆ ಕೋಶದ ಹೊರಗೆ ತಲುಪಿಸುವ ವಾಹನವಾಗುತ್ತದೆ. ವಿವೇಕ್ ಮಲ್ಹೋತ್ರಾ ಅವರ ತಂಡವು ಬೇರೊಂದು ಯೀಸ್ಟಿನಲ್ಲಿ ಇದೇ ಬಗೆಯ ಫಲಿತಾಂಶವನ್ನು ಅದೇ ಪತ್ರಿಕೆಯಲ್ಲಿ ಅದೇ ವರ್ಷ ಪ್ರಕಟಿಸಿದ್ದರಿಂದ ಈ ನಿರ್ಣಯಕ್ಕೆ ಬಲ ಬಂದಿತು.

ಜಕ್ಕೂರಿನ ಪ್ರಯೋಗಾಲಯ: ಚೀಲದ ಪೊರೆ ಬರುವ ದಾರಿ

ಬೆಂಗಳೂರಿನಲ್ಲಿ ಮಂಜಿತ್ತಾಯ ಅವರ ತಂಡ ಎತ್ತಿಕೊಂಡ ಪ್ರಶ್ನೆಗಳಲ್ಲಿ ಆಟೋಫೇಗೋಸೋಮಿನ ಪೊರೆಯ ಮೂಲದ ಪ್ರಶ್ನೆಯೂ ಒಂದು. ಎಟಿಜಿ ಪ್ರೋಟೀನುಗಳ ಕೇಂದ್ರ ಗುಂಪಿನಲ್ಲಿ ಪೊರೆಯ ಒಳಗೇ ಹುದುಗಿರುವ ಪ್ರೋಟೀನು ಎಟಿಜಿ9. ಗಾಲ್ಗಿಯ ಕಡೆಯಿಂದ ಬರುವ ಅತಿ ಸಣ್ಣ ಚೀಲಗಳಲ್ಲಿ ಅದು ಕೋಶದ ತುಂಬ ಸಂಚರಿಸುತ್ತಿರುತ್ತದೆ. ಹಸಿವಿನ ಸೂಚನೆ ಬಂದಾಗ ಇಂತಹ ಚೀಲಗಳು ರಸದಾನಿಯ ಪಕ್ಕದ ಒಂದು ತಾಣಕ್ಕೆ ಬಂದು, ಹೊಸ ಪೊರೆಗೆ ಬೀಜದಂತೆ ಒದಗುತ್ತವೆ. ಅವುಗಳನ್ನು ಅಲ್ಲಿಗೆ ಕರೆತರುವವರು ಯಾರು ಎಂಬುದು ತಂಡದ ಹುಡುಕಾಟವಾಗಿತ್ತು.

ಸಿಕ್ಕ ಉತ್ತರಗಳಲ್ಲಿ ಒಂದು ಎಕ್ಸೋಸಿಸ್ಟ್. ಎಂಟು ಪ್ರೋಟೀನುಗಳ ಈ ಕೂಟದ ಪ್ರಸಿದ್ಧ ಉದ್ಯೋಗವೇ ಬೇರೆ: ಹೊರಗೆ ಹೋಗಬೇಕಾದ ಸರಕಿನ ಚೀಲಗಳನ್ನು ಕೋಶಪೊರೆಗೆ, ದೋಣಿಯನ್ನು ದಡದ ಗೂಟಕ್ಕೆ ಕಟ್ಟುವಂತೆ, ಕಟ್ಟಿ ನಿಲ್ಲಿಸುವುದು. ಯೀಸ್ಟಿನ ಒಂದೊಂದೇ ಸದಸ್ಯವನ್ನು ಕೆಡಿಸಿ ನೋಡಿದಾಗ, ಎಂಟರಲ್ಲಿ ಕೆಲವು ಮಾತ್ರ ಸ್ವಭಕ್ಷಣೆಗೆ ಬೇಕು, ಉಳಿದವು ಬೇಡ ಎಂಬುದು ಕಂಡುಬಂತು. ಬೇಕಾದ ಸದಸ್ಯಗಳು ಇಲ್ಲದಿದ್ದಾಗ ಎಟಿಜಿ9ರ ಸಂಚಾರ ಕುಂಠಿತವಾಗಿ, ಪೊರೆಯ ಪೂರೈಕೆ ಕಡಿಮೆಯಾಗಿ, ದೊನ್ನೆಗಳು ಬಾಯಿ ಮುಚ್ಚದೆ ಅರೆಬರೆಯಾಗಿ ನಿಲ್ಲುತ್ತಿದ್ದವು. 2019ರಲ್ಲಿ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯಲ್ಲಿ ಇದು ಪ್ರಕಟವಾಯಿತು. ರಫ್ತಿಗೆ ದುಡಿಯುವ ಕೂಟದ ಒಂದು ಉಪಗುಂಪು ಒಳಗಿನ ಶುಚಿಕಾರ್ಯಕ್ಕೂ ಒದಗುತ್ತದೆ ಎಂಬುದು ಇದರ ತಾತ್ಪರ್ಯ.

ಇನ್ನೊಂದು ಉತ್ತರ ಇನ್ನೂ ಅನಿರೀಕ್ಷಿತವಾದದ್ದು. ಮೊಗ್ಗೊಡೆದು ವಂಶ ಬೆಳೆಸುವ ಯೀಸ್ಟಿನಲ್ಲಿ ತಾಯಿಕೋಶಕ್ಕೂ ಮರಿಕೋಶಕ್ಕೂ ನಡುವಿನ ಕೊರಳಿನಲ್ಲಿ ಸೆಪ್ಟಿನ್ ಎಂಬ ಪ್ರೋಟೀನುಗಳು ಬಳೆಯಂತೆ ಕೂಡಿಕೊಂಡಿರುತ್ತವೆ. ಕೋಶವಿಭಜನೆಗೆ ಅವು ಬೇಕೆಂಬುದು ಹಳೆಯ ತಿಳಿವಳಿಕೆ. ಕೋಶದೊಳಗೆ ನುಗ್ಗಿದ ಬ್ಯಾಕ್ಟೀರಿಯಾಗಳ ಸ್ವಭಕ್ಷಣೆಯಲ್ಲಿ ಅವುಗಳ ಪಾತ್ರವೂ ತಿಳಿದಿತ್ತು. ಸಾಮಾನ್ಯ ಸ್ವಭಕ್ಷಣೆಯಲ್ಲಿ ಅವುಗಳ ಕೆಲಸವಿದೆಯೆಂದು ಯಾರೂ ಹೇಳಿರಲಿಲ್ಲ. ಯಾವ ಪೂರ್ವಗ್ರಹವೂ ಇಲ್ಲದೆ ಉತ್ಪರಿವರ್ತಿತ ತಳಿಗಳನ್ನು ಸಾಲಾಗಿ ಪರೀಕ್ಷಿಸುತ್ತಿದ್ದ ತಂಡಕ್ಕೆ ಸೆಪ್ಟಿನ್ ದೋಷವಿರುವ ತಳಿಗಳಲ್ಲಿ ಸ್ವಭಕ್ಷಣೆ ಕುಗ್ಗಿರುವುದು ಕಂಡಿತು. ಹಸಿವಾದಾಗ ಸೆಪ್ಟಿನುಗಳು ಚೀಲ ಕಟ್ಟುವ ತಾಣಕ್ಕೆ ಬಂದು ಅಲ್ಲಿ ಬೇರೆಯೇ ಬಗೆಯ ಸಣ್ಣ ಬಳೆಗಳಾಗುತ್ತವೆ. ಎಟಿಜಿ8 ಮತ್ತು ಎಟಿಜಿ9 ಪ್ರೋಟೀನುಗಳೊಂದಿಗೆ ಕೈಜೋಡಿಸುತ್ತವೆ. 2018ರಲ್ಲಿ ‘ಜರ್ನಲ್ ಆಫ್ ಸೆಲ್ ಸೈನ್ಸ್’ನಲ್ಲಿ ಈ ಕೆಲಸ ಪ್ರಕಟವಾಯಿತು.

ಔಷಧದ ಅಣುಗಳ ಹುಡುಕಾಟ

ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡುಮೆದುಳಿನ, ಡೋಪಮಿನ್ ತಯಾರಿಸುವ ನರಕೋಶಗಳು ಕ್ರಮೇಣ ಸಾಯುತ್ತವೆ. ಕೈನಡುಕ, ಅಂಗಗಳ ಬಿಗಿತ, ನಡಿಗೆಯ ಮಂದಗತಿ ಇದರ ಲಕ್ಷಣಗಳು. ಸಾಯುವ ಕೋಶಗಳಲ್ಲಿ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನಿನ ಗಂಟುಗಳು ಇರುವುದು 1997ರಲ್ಲಿ ತಿಳಿಯಿತು. ಈಗ ಲಭ್ಯವಿರುವ ಔಷಧಿಗಳು ಲಕ್ಷಣಗಳನ್ನು ಹತೋಟಿಯಲ್ಲಿಡುತ್ತವೆಯೇ ಹೊರತು ಕೋಶಗಳ ಸಾವನ್ನು ತಡೆಯುವುದಿಲ್ಲ. ಸ್ವಭಕ್ಷಣೆಯನ್ನು ಚುರುಕುಗೊಳಿಸಿದರೆ ಗಂಟುಗಳು ಕರಗಬಹುದಲ್ಲವೇ ಎಂಬ ಆಲೋಚನೆ ಇಲ್ಲಿಂದ ಹುಟ್ಟುತ್ತದೆ.

ಯೀಸ್ಟಿಗೆ ಮೆದುಳಿಲ್ಲ, ನರವಿಲ್ಲ. ಆದರೂ ಮನುಷ್ಯನ ಆಲ್ಫಾ ಸೈನ್ಯೂಕ್ಲಿನನ್ನು ಅದರೊಳಗೆ ಅತಿಯಾಗಿ ತಯಾರಿಸಿದರೆ ಅಲ್ಲಿಯೂ ಗಂಟು ಕಟ್ಟಿ ಯೀಸ್ಟಿನ ಬೆಳವಣಿಗೆಯನ್ನು ತಡೆಯುತ್ತದೆ. ಇಂತಹ ಸೊರಗಿದ ಯೀಸ್ಟಿಗೆ ಬಗೆಬಗೆಯ ಸಣ್ಣ ಅಣುಗಳನ್ನು ಹಾಕಿ, ಯಾವುದು ಅದನ್ನು ಮತ್ತೆ ಬೆಳೆಯಿಸುತ್ತದೆ ಎಂದು ನೋಡುವುದು ಜಕ್ಕೂರಿನ ತಂಡದ ವಿಧಾನ. ಹೀಗೆ ಸಿಕ್ಕ ಅಣು 6-ಬಯೋ. ಮೆಡಿಟರೇನಿಯನ್ ಸಮುದ್ರದ ಶಂಖದ ಜಾತಿಯ ಜೀವಿಗಳಿಂದ ಪ್ರಾಚೀನ ಕಾಲದಲ್ಲಿ ತೆಗೆಯುತ್ತಿದ್ದ ನೇರಳೆ ಬಣ್ಣದ ಘಟಕವೊಂದನ್ನು ಮಾರ್ಪಡಿಸಿ ಮಾಡಿದ ರಾಸಾಯನಿಕ ಇದು. ಇದು ಯೀಸ್ಟಿನಲ್ಲಿಯೂ ಸಸ್ತನಿಗಳ ಕೋಶಗಳಲ್ಲಿಯೂ ಸ್ವಭಕ್ಷಣೆಯನ್ನು ಹೆಚ್ಚಿಸಿ ಗಂಟುಗಳನ್ನು ಕಡಿಮೆ ಮಾಡಿತು. ಪಾರ್ಕಿನ್ಸನ್ ಮಾದರಿಯ ಇಲಿಗಳಲ್ಲಿ ನಡುಮೆದುಳಿನ ನರಕೋಶಗಳನ್ನು ಉಳಿಸಿತು; ಇಲಿಗಳ ಚಲನೆಯೂ ಸುಧಾರಿಸಿತು. 2017ರಲ್ಲಿ ‘ಆಟೋಫೇಜಿ’ ಪತ್ರಿಕೆಯಲ್ಲಿ ಈ ವಿವರಗಳು ಬಂದವು. ಎಕ್ಸ್‌ಸಿಟಿ 790 ಎಂಬ ಇನ್ನೊಂದು ಅಣುವೂ ಇಂತಹದೇ ಗುಣವುಳ್ಳದ್ದೆಂದು 2018ರಲ್ಲಿ ವರದಿಯಾಯಿತು.

ಸಾವಿರಾರು ಅಣುಗಳನ್ನು ಪರೀಕ್ಷಿಸಲು ಅಳತೆಯ ವಿಧಾನ ಸುಲಭವಾಗಿರಬೇಕು. ಇದಕ್ಕಾಗಿ ತಂಡವು ಎರಡು ಬಗೆಯ ಬೆಳಕಿನ ಕಿಣ್ವಗಳನ್ನು ಯೀಸ್ಟಿನಲ್ಲಿ ಇರಿಸಿ, ಸ್ವಭಕ್ಷಣೆಯಿಂದ ಅವು ಕರಗಿ ಬೆಳಕು ಕುಂದುವ ವೇಗವನ್ನು ಅಳೆಯುವ ಕ್ರಮವನ್ನು 2017ರಲ್ಲಿ ರೂಪಿಸಿತು. ಅವುಗಳಲ್ಲಿ ಒಂದು ಮಿಂಚುಹುಳುವಿನ ಲೂಸಿಫೆರೇಸ್. ಪೆರಾಕ್ಸಿಸೋಮಿಗೆ ಹೋಗುವ ಅದರ ಗುಣ ಇಲ್ಲಿ ಉಪಯೋಗಕ್ಕೆ ಬಂದಿತು.

ಸೋಂಕಿನ ವಿಷಯದಲ್ಲಿಯೂ ಇದೇ ದಾರಿಯ ಪ್ರಯತ್ನ ನಡೆದಿದೆ. ಟೈಫಾಯಿಡ್ ಜ್ವರಕ್ಕೂ ಆಹಾರ ವಿಷವಾಗುವುದಕ್ಕೂ ಕಾರಣವಾಗುವ ಸಾಲ್ಮೊನೆಲ್ಲಾ ಗುಂಪಿನ ಬ್ಯಾಕ್ಟೀರಿಯಾಗಳು ನಮ್ಮ ಕೋಶಗಳ ಒಳಗೇ ಅಡಗಿ ಬೆಳೆಯುತ್ತವೆ. ಕೋಶವು ಅವುಗಳನ್ನೂ ಆಟೋಫೇಗೋಸೋಮಿನಲ್ಲಿ ಸುತ್ತಿ ಕೊಲ್ಲಲು ನೋಡುತ್ತದೆ. ಬ್ಯಾಕ್ಟೀರಿಯಾ ಆ ವ್ಯವಸ್ಥೆಯನ್ನೇ ಅಡಗಿಸಲು ನೋಡುತ್ತದೆ. ಲೈಸೋಸೋಮಿಗೆ ಬೇಕಾದ ಜೀನುಗಳನ್ನು ಎಚ್ಚರಿಸುವ ಟಿಎಫ್‌ಇಬಿ ಎಂಬ ಪ್ರೋಟೀನು ಈ ಹೋರಾಟದಲ್ಲಿ ಮುಖ್ಯ. ಸಸ್ಯಗಳಲ್ಲಿ ದೊರೆಯುವ ಅಕಾಸೆಟಿನ್ ಎಂಬ ಅಣು ಟಿಎಫ್‌ಇಬಿಯ ಚಟುವಟಿಕೆಯನ್ನು ಮರಳಿ ತಂದು ಕೋಶದೊಳಗಿನ ಸಾಲ್ಮೊನೆಲ್ಲಾದ ಬೆಳವಣಿಗೆಯನ್ನು ತಡೆಯುತ್ತದೆ ಎಂದು ತಂಡ 2020ರಲ್ಲಿ ತಿಳಿಸಿತು. ಪ್ರತಿಜೈವಿಕ ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿರುವ ಈ ಕಾಲದಲ್ಲಿ, ಬ್ಯಾಕ್ಟೀರಿಯಾವನ್ನು ನೇರವಾಗಿ ಹೊಡೆಯದೆ ಕೋಶದ ಸ್ವಂತ ಶಕ್ತಿಯನ್ನು ಎತ್ತಿನಿಲ್ಲಿಸುವ ಈ ಮಾರ್ಗ ಗಮನಾರ್ಹವಾದದ್ದು.

ಈ ಫಲಿತಾಂಶಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಇವೆಲ್ಲ ಯೀಸ್ಟ್, ಪ್ರಯೋಗಾಲಯದ ಕೋಶಗಳು ಮತ್ತು ಇಲಿಗಳಲ್ಲಿ ಕಂಡ ಸಂಗತಿಗಳು, ರೋಗಿಗೆ ಕೊಡುವ ಔಷಧಿಗಳಲ್ಲ. ಸ್ವಭಕ್ಷಣೆ ಹೆಚ್ಚಿದಷ್ಟೂ ಒಳ್ಳೆಯದೆಂದೂ ಹೇಳಲಾಗದು. ಅದು ಗಡ್ಡೆ ಹುಟ್ಟದಂತೆ ಕೋಶವನ್ನು ಕಾಪಾಡಬಹುದು, ಹುಟ್ಟಿದ ಗಡ್ಡೆಯ ಹಸಿದ ಕೋಶಗಳನ್ನೂ ಅದೇ ಬದುಕಿಸಬಹುದು. ಆದ್ದರಿಂದ ಕ್ಯಾನ್ಸರಿನಲ್ಲಿ ಸ್ವಭಕ್ಷಣೆಯನ್ನು ತಡೆಯುವ ಔಷಧಿಗಳನ್ನೂ ಸಂಶೋಧಕರು ಪರೀಕ್ಷಿಸುತ್ತಿದ್ದಾರೆ.

ಉಪವಾಸದ ಕುರಿತ ಪ್ರಚಾರ

2016ರ ನೊಬೆಲ್ ಪ್ರಶಸ್ತಿಯ ಬಳಿಕ, ಏಕಾದಶಿಯ ಉಪವಾಸ ಕ್ಯಾನ್ಸರನ್ನು ಗುಣಪಡಿಸುತ್ತದೆ, ಇದನ್ನು ಕಂಡುಹಿಡಿದುದಕ್ಕಾಗಿಯೇ ಜಪಾನಿನ ವಿಜ್ಞಾನಿಗೆ ಪ್ರಶಸ್ತಿ ಬಂತು ಎಂಬಂತಹ ಸಂದೇಶಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತಿವೆ. ಇದು ಸರಿಯಲ್ಲ. ಒಸುಮಿ ಅವರಿಗೆ ಪ್ರಶಸ್ತಿ ಸಂದದ್ದು ಸ್ವಭಕ್ಷಣೆಯ ಕಾರ್ಯವಿಧಾನವನ್ನು ಕಂಡುಹಿಡಿದುದಕ್ಕಾಗಿ. ಅವರ ಪ್ರಯೋಗದಲ್ಲಿ ಹಸಿದದ್ದು ಸಾರಜನಕವಿಲ್ಲದ ದ್ರವದಲ್ಲಿದ್ದ ಯೀಸ್ಟ್. ಇಲಿಗಳನ್ನು ಒಂದು ಇಡೀ ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಹಸಿದಿರಿಸಿದಾಗ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸ್ವಭಕ್ಷಣೆ ಏರುವುದು ನಿಜ. ಆದರೆ ಇಲಿಯ ಒಂದು ದಿನದ ಹಸಿವು ಮನುಷ್ಯನ ಒಂದು ದಿನದ ಉಪವಾಸಕ್ಕೆ ಸಮನಲ್ಲ. ಅಷ್ಟರಲ್ಲಿ ಇಲಿಯ ದೇಹದ ತೂಕವೇ ಗಣನೀಯವಾಗಿ ಇಳಿದಿರುತ್ತದೆ. ಜೀವಂತ ಮನುಷ್ಯನ ಅಂಗಾಂಗಗಳಲ್ಲಿ ಸ್ವಭಕ್ಷಣೆಯ ವೇಗವನ್ನು ಅಳೆಯುವುದೂ ಕಷ್ಟ. ಉಪವಾಸಕ್ಕೆ ಅದರದೇ ಆದ ಧಾರ್ಮಿಕ ಸ್ಥಾನವಿದೆ. ಅದಕ್ಕೆ ನೊಬೆಲ್ ಪ್ರಶಸ್ತಿಯ ಆಧಾರ ಬೇಕಾಗಿಲ್ಲ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಇಂತಹ ಸಂದೇಶಗಳನ್ನು ನಂಬಿ ದೀರ್ಘ ಉಪವಾಸ ಕೈಗೊಳ್ಳುವುದು ಅಪಾಯಕರ. ಕ್ಯಾನ್ಸರ್ ರೋಗಿಗಳು ಚಿಕಿತ್ಸೆ ಬಿಟ್ಟು ಉಪವಾಸವನ್ನು ನೆಚ್ಚುವುದು ಇನ್ನೂ ಅಪಾಯಕರ.

ಬೆಂಗಳೂರಿನಲ್ಲಿ ಸಂಬಂಧಿತ ಸಂಶೋಧನೆ

ಜೀವಕೋಶದೊಳಗಿನ ಸಾಗಣೆಯ ಅಧ್ಯಯನ ಬೆಂಗಳೂರಿನ ಬೇರೆ ಸಂಸ್ಥೆಗಳಲ್ಲಿಯೂ ನಡೆದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಅವರು ಕೋಶವು ಹೊರಗಿನ ವಸ್ತುಗಳನ್ನು ಪೊರೆಯ ಮೂಲಕ ಒಳಗೆಳೆದುಕೊಳ್ಳುವ ಬಗೆಗಳನ್ನು ಅಧ್ಯಯನ ಮಾಡಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಬ್ಬರಾವ್ ಗಂಗಿ ಸೆಟ್ಟಿ ಅವರು ಲೈಸೋಸೋಮಿನ ಬಂಧುಗಳೆನ್ನಬಹುದಾದ ಮೆಲನೋಸೋಮ್‌ಗಳಿಗೆ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕಣದಂಗಗಳಿಗೆ, ಪ್ರೋಟೀನುಗಳು ತಲುಪುವ ದಾರಿಗಳನ್ನು ಅಭ್ಯಾಸ ಮಾಡಿದ್ದಾರೆ.